ಕೈ ಫೈಲಾ, ಮಶೀನ್ ಫೈಲಾ? ರೂಟ್ ಕೆನಾಲ್ ಒಳಗೆ ನಡೆಯೋದೇನು

(ಮೊನ್ನೆ ಭಾನುವಾರ ನಮ್ಮೂರ ಲೈಬ್ರರಿ ಹಾಲಲ್ಲಿ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಬರ್ದಿದೀನಿ, ಬೋರ್ಡ್ ಮೇಲೆ ಚಿತ್ರ ಬಿಡಿಸಿ ತೋರ್ಸಿದ್ದನ್ನ ಮಾತ್ರ ಇಲ್ಲಿ ಮಾತಲ್ಲಿ ಹೇಳಿದೀನಿ.)

ಎಲ್ರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ಕೂತಿರೋ ಎಷ್ಟೋ ಜನರ ಹಲ್ಲು ನಾನು ನೋಡಿದೀನಿ, ಹಿಂದೆ ಬಿಡಿಎಸ್ ಓದ್ತಿರೋ ಹುಡುಗ್ರು ಹುಡುಗೀರು ಕೂತಿದಾರೆ, ಇಬ್ರಿಗೂ ಉಪಯೋಗ ಆಗೋ ಹಾಗೆ ಹೇಳೋಕೆ ಪ್ರಯತ್ನ ಮಾಡ್ತೀನಿ. ಈ ವಿಷಯ ಯಾಕೆ ತಗೊಂಡೆ ಅಂದ್ರೆ ಈಚೆಗೆ ದಿನಕ್ಕೆ ಒಬ್ರಾದ್ರೂ ಚೇರಲ್ಲಿ ಕೂತ್ಕೊಳೋಕೆ ಮುಂಚೆನೇ ಕೇಳ್ತಾರೆ, "ಡಾಕ್ಟ್ರೇ, ರೂಟ್ ಕೆನಾಲ್ ನೀವು ಮಶೀನಲ್ಲಿ ಮಾಡ್ತೀರಾ, ಕೈಯಲ್ಲಿ ಮಾಡ್ತೀರಾ?" ಅಂತ. ಕೈಯಲ್ಲಿ ಅಂದ್ರೆ ಹಳೇ ಕಾಲದ್ದು, ನೋವು ಜಾಸ್ತಿ, ಮಶೀನ್ ಅಂದ್ರೆ ಹೊಸದು, ನೋವಿಲ್ಲ, ಬೇಗ ಮುಗಿಯುತ್ತೆ ಅಂತ ಅವರ ಮನಸ್ಸಲ್ಲಿ ಕೂತುಬಿಟ್ಟಿದೆ, ರೇಟೂ ಬೇರೆ ಬೇರೆ ಇರುತ್ತಲ್ವಾ, ಅದಕ್ಕೂ ಕೇಳ್ತಾರೆ. ನೋವಿನ ವಿಷಯ ಮೊದ್ಲೇ ಹೇಳಿಬಿಡ್ತೀನಿ. ಚೇರಲ್ಲಿ ನೋವಾಗದೇ ಇರೋ ಹಾಗೆ ಮಾಡೋದು ಮಶೀನ್ ಅಲ್ಲ, ಮೊದಲು ಕೊಡೋ ಇಂಜೆಕ್ಷನ್ನು. ಅದು ಸರಿಯಾಗಿ ಹಿಡಿದಿದ್ರೆ ಕೈಯಲ್ಲಿ ಮಾಡಿದ್ರೂ ಗೊತ್ತಾಗಲ್ಲ, ಹಿಡೀದೇ ಇದ್ರೆ ಯಾವ ಮಶೀನ್ ತಂದ್ರೂ ಜೀವ ಹೋಗುತ್ತೆ.

ಹಲ್ಲಿನ ಒಳಗಡೆ ಏನಿದೆ ಅಂತ ಮೊದ್ಲು ನೋಡೋಣ, ಅದು ಗೊತ್ತಾಗದೇ ಮುಂದಿನದ್ದು ಯಾವುದೂ ಅರ್ಥ ಆಗಲ್ಲ. ಹಲ್ಲಿನ ನಡುವೆ ಮೆತ್ತಗಿರೋ ಪಲ್ಪ್ ಇದೆ, ನಾವು ರೂಢಿಲಿ ನರ ಅಂತೀವಿ, ನರದ ಜೊತೆ ರಕ್ತನಾಳಗಳೂ ಇರ್ತವೆ. ಇದು ಮೇಲೆ ಒಂದು ಸಣ್ಣ ಕೋಣೆ ಥರ ಇದ್ದು ಕೆಳಗೆ ಒಂದೊಂದು ಬೇರಿನೊಳಗೂ ಸಣ್ಣ ಕೊಳವೆ ಥರ ಇಳಿದು ಹೋಗುತ್ತೆ, ಆ ಕೊಳವೆನೇ ಕೆನಾಲ್. ಆರು ವರ್ಷಕ್ಕೆ ಬರುತ್ತಲ್ಲ ಕೆಳಗಿನ ದವಡೆ ಹಲ್ಲು, ಅದಕ್ಕೆ ಸಾಮಾನ್ಯವಾಗಿ ಎರಡು ಬೇರು, ಕೆನಾಲು ಮೂರೋ ನಾಲ್ಕೋ. ತುದಿಯಿಂದ ತುದಿಗೆ ಹಲ್ಲಿನ ಉದ್ದ ಸುಮಾರು 21 ಮಿಲಿಮೀಟರ್, ಕೆಳಗೆ ತುದಿ ಹತ್ರ ಕೆನಾಲ್ ಅಗಲ ಕಾಲು ಮಿಲಿಮೀಟರ್ ಆಸುಪಾಸು. ಅದೂ ನೆಟ್ಟಗಿರಲ್ಲ, ಬಗ್ಗಿರುತ್ತೆ, ಕೆಲವು ಸಲ ಎರಡು ಕಡೆ ಬಗ್ಗಿರುತ್ತೆ. ಹುಳುಕು ಒಳಗೆ ಇಳಿದು ಪಲ್ಪ್ ಸತ್ತ ಮೇಲೆ ಬ್ಯಾಕ್ಟೀರಿಯಾ ಆ ಕೊಳವೆಲೇ ಮನೆ ಮಾಡ್ಕೊಳುತ್ತೆ, ಅಲ್ಲಿಂದ ಬೇರಿನ ತುದಿಗೆ, ಆಮೇಲೆ ಮೂಳೆಗೆ, ಕೀವು, ಊತ ಎಲ್ಲಾ ಆಗ ಬರೋದು. ಆ ಕೊಳವೆನ ಫೈಲ್ ಅನ್ನೋ ಸಣ್ಣ ಅರದಲ್ಲಿ ಕೆರೆದು, ತೊಳೆದು, ಒಣಗಿಸಿ ತುಂಬಿ ಮುಚ್ಚೋದನ್ನೇ ರೂಟ್ ಕೆನಾಲ್ ಮಾಡೋದು ಅಂತೀವಿ.

1965ರಲ್ಲಿ ಕಾಕೆಹಾಶಿ ಅನ್ನೋರು ಜೊತೆಗಾರರ ಜೊತೆ ಸೇರಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಬ್ಯಾಕ್ಟೀರಿಯಾನೇ ಇಲ್ಲದ ಹಾಗೆ ಬೆಳೆಸಿದ ಇಲಿಗಳು ಒಂದು ಕಡೆ, ಮಾಮೂಲಿ ಇಲಿಗಳು ಒಂದು ಕಡೆ, ಎರಡಕ್ಕೂ ಹಲ್ಲಿಗೆ ತೂತು ಕೊರೆದು ಪಲ್ಪ್ ತೆರೆದು ಬಿಟ್ರು. ಮಾಮೂಲಿ ಇಲಿಗಳ ಪಲ್ಪ್ ಕೊಳೆತು ಹೋಯ್ತು, ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ಪಲ್ಪ್ ಬದುಕಿತು, ತೂತಿನ ಹತ್ರ ಹೊಸ ಗಟ್ಟಿ ಪದರಾನೂ ಬೆಳೀತು. ಅಂದ್ರೆ ನಮ್ಮ ಶತ್ರು ಯಾರು ಅಂತ ಅಲ್ಲಿಗೆ ತೀರ್ಮಾನ ಆಯ್ತು. ನಾವು ಕೆನಾಲಲ್ಲಿ ಫೈಲ್ ಆಡಿಸೋದು ಬ್ಯಾಕ್ಟೀರಿಯಾನ ಹೊರಗೆ ಹಾಕೋಕೆ, ಕೈಯೋ ಮಶೀನೋ ಅನ್ನೋ ಪ್ರಶ್ನೆ ಬರೋದು ಅದಾದ್ಮೇಲೆ. ಇದನ್ನ ಇವತ್ತು ಪೂರ್ತಿ ತಲೇಲಿ ಇಟ್ಕೊಳ್ಳಿ ಅಂತ ಕೇಳ್ಕೋತೀನಿ.

ಈಗ ಫೈಲು. ಬಡಗಿ ಹತ್ರ ಅರ ಇರುತ್ತಲ್ವಾ, ಉಜ್ಜೋದು, ಅದನ್ನೇ ಕೂದಲೆಳೆಗಿಂತ ಸ್ವಲ್ಪ ದಪ್ಪಕ್ಕೆ ಇಳಿಸಿದ್ರೆ ನಮ್ಮ ಫೈಲು. 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಅನ್ನೋ ಡೆಂಟಿಸ್ಟು ವಾಚಿನ ಸ್ಪ್ರಿಂಗ್ ತೆಗೆದು ಅದನ್ನೇ ಸಣ್ಣಗೆ ಮಾಡಿ ಕೆನಾಲ್ ಒಳಗೆ ಹಾಕಿದ್ರು ಅಂತ ಹೇಳ್ತಾರೆ. ಇವತ್ತಿಗೂ ಸಣ್ಣ ಫೈಲನ್ನ ಬೆರಳಲ್ಲಿ ಹಿಡಿದು ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ತಿರುಗಿಸ್ತಾ ಒಳಗೆ ಬಿಡ್ತೀವಲ್ಲ, ಅದಕ್ಕೆ ವಾಚ್ ವೈಂಡಿಂಗ್ ಅಂತಾನೇ ಹೆಸರು, ಹಳೇ ಕಾಲದ ವಾಚಿಗೆ ಕೀ ಕೊಡ್ತಿದ್ದ ಹಾಗೆ. ಆಮೇಲೆ ಎಷ್ಟೋ ವರ್ಷ ಒಂದೊಂದು ಕಂಪನಿ ಫೈಲು ಒಂದೊಂದು ಸೈಜು, ಒಂದಕ್ಕೊಂದು ತಾಳೆ ಇಲ್ಲ, 1950ರ ದಶಕದ ಕೊನೇಲಿ ಜಾನ್ ಇಂಗಲ್ ಅನ್ನೋರು ಕೂತು ಇದಕ್ಕೊಂದು ಲೆಕ್ಕ ತಂದ್ರು, ಅದೇ ಇವತ್ತಿಗೂ ನಡೀತಿದೆ. 25 ನಂಬರ್ ಫೈಲ್ ಅಂದ್ರೆ ತುದಿ 0.25 ಮಿಲಿಮೀಟರ್. ಅಲ್ಲಿಂದ ಮೇಲೆ ಒಂದೊಂದು ಮಿಲಿಮೀಟರಿಗೂ 0.02 ದಪ್ಪ ಆಗ್ತಾ ಹೋಗುತ್ತೆ, ಅದೇ 2 ಪರ್ಸೆಂಟ್ ಟೇಪರ್, ಹಲ್ಲು ಕೊರೆಯೋ ಭಾಗ 16 ಮಿಲಿಮೀಟರ್, ಅಂದ್ರೆ ಮೇಲಿನ ಕೊನೇಲಿ 0.57. ಬಿಳಿ 15, ಹಳದಿ 20, ಕೆಂಪು 25, ನೀಲಿ 30, ಹಸಿರು 35, ಕಪ್ಪು 40, ನಮ್ಮ ಹುಡುಗ್ರಿಗೆ ಇದು ಮಗ್ಗಿ ಇದ್ದ ಹಾಗೆ.

ಈ ಕೈ ಫೈಲು ಸ್ಟೀಲಿಂದು. ನಾನು ಕಲಿತಿದ್ದು ಪೂರ್ತಿ ಇದರಲ್ಲೇ, ಕಿತ್ತ ಹಲ್ಲುಗಳನ್ನ ಬಾಟ್ಲಿಲಿ ಕೂಡಿಟ್ಟು ಅದರ ಮೇಲೆ ತಿಂಗಳುಗಟ್ಲೆ ಪ್ರಾಕ್ಟೀಸ್ ಮಾಡಿ ಬೆರಳ ತುದಿ ಬೊಬ್ಬೆ ಬಂದಿರೋದು ಇನ್ನೂ ನೆನಪಿದೆ. ಸ್ಟೀಲಿನ ಗುಣ ಏನಂದ್ರೆ ಸಣ್ಣ ಸೈಜಲ್ಲಿ ಹೇಳಿದ ಮಾತು ಕೇಳುತ್ತೆ, 10, 15, 20ರವರೆಗೂ ಕೆನಾಲ್ ಬಗ್ಗಿದ ಕಡೆ ಅದೂ ಬಗ್ಗಿ ಹೋಗುತ್ತೆ. 25 ದಾಟಿದ ಮೇಲೆ ಅದಕ್ಕೆ ನೆಟ್ಟಗಾಗೋ ಹಟ ಬರುತ್ತೆ. ಬಗ್ಗಿರೋ ದಾರೀಲಿ ನೆಟ್ಟಗಾಗೋಕೆ ನೋಡೋ ಕಬ್ಬಿಣ ಏನು ಮಾಡುತ್ತೆ, ತಿರುವಿನ ಹೊರಗೋಡೆನ ಕೆರೆಯುತ್ತೆ, ಅಲ್ಲಿ ಒಂದು ಮೆಟ್ಟಿಲು ಬೀಳುತ್ತೆ, ನಾವು ಲೆಡ್ಜ್ ಅಂತೀವಿ, ಒಂದು ಸಲ ಮೆಟ್ಟಿಲು ಬಿದ್ರೆ ಆಮೇಲೆ ಹಾಕೋ ಪ್ರತಿ ಫೈಲೂ ಅಲ್ಲೇ ಹೋಗಿ ತಗಲಿ ನಿಲ್ಲುತ್ತೆ, ನಿಜವಾದ ದಾರಿ ಸಿಗಲ್ಲ, ಇನ್ನೂ ಒತ್ತಿದ್ರೆ ಬೇರಿನ ಗೋಡೆನೇ ತೂತು. ಅದನ್ನ ತಪ್ಪಿಸೋಕೆ ಫೈಲನ್ನ ಮೊದ್ಲೇ ಬಗ್ಗಿಸಿ ಹಾಕೋದು, ತುದಿಗೆ ಸಣ್ಣದು ಮೇಲಕ್ಕೆ ಬರ್ತಾ ದೊಡ್ಡದು ಅಂತ ಹಂತ ಹಂತವಾಗಿ ಹಿಂದೆ ಸರಿಯೋದು, ಹೀಗೆ ನೂರಾರು ಉಪಾಯ ಹುಟ್ಕೊಂಡವು. 1985ರಲ್ಲಿ ಜೇಮ್ಸ್ ರೋನ್ ಅಂತ ಒಬ್ರು ಬ್ಯಾಲೆನ್ಸ್ಡ್ ಫೋರ್ಸ್ ಅನ್ನೋ ಕೈಚಳಕ ಬರೆದ್ರು, ಫೈಲನ್ನ ಬಲಕ್ಕೆ ಕಾಲು ಸುತ್ತು ತಿರುಗಿಸಿ ಹಲ್ಲಿಗೆ ಕಚ್ಚಿಸಿ, ಆಮೇಲೆ ಮೆಲ್ಲಗೆ ಒತ್ತಿ ಹಿಡಿದು ಎಡಕ್ಕೆ ತಿರುಗಿಸಿ ಕತ್ತರಿಸೋದು. ಇದು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮಶೀನು ಹೊಸದು ಅಂದ್ಕೊಂಡಿರೋರಿಗೆ ಒಂದು ಮಾತು. 1889ರಲ್ಲೇ ಬೋಸ್ಟನ್‌ನ ವಿಲಿಯಂ ರಾಲಿನ್ಸ್ ಕೆನಾಲ್ ಒಳಗೆ ಸೂಜಿ ತಿರುಗಿಸೋ ಹ್ಯಾಂಡ್‌ಪೀಸ್, ಅಂದ್ರೆ ಕೈಯಲ್ಲಿ ಹಿಡಿಯೋ ಮಶೀನ್, ಮಾಡಿದ್ರು, ಮುರಿಯುತ್ತೆ ಅನ್ನೋ ಭಯಕ್ಕೆ ನಿಮಿಷಕ್ಕೆ 100 ಸುತ್ತು ಅಂತ ಮಿತಿ ಬೇರೆ ಇಟ್ಟಿದ್ರು. 1964ರಲ್ಲಿ ಜೈರೋಮ್ಯಾಟಿಕ್ ಅಂತ ಇನ್ನೊಂದು ಬಂತು, ಕಾಲು ಸುತ್ತು ಆ ಕಡೆ ಕಾಲು ಸುತ್ತು ಈ ಕಡೆ ಅಲ್ಲಾಡಿಸೋದು. ಅದರಿಂದ ಕೆಲಸ ಬೇಗ ಆಗ್ತಿತ್ತು ಆದ್ರೆ ಕೆನಾಲ್ ಆಕಾರ ಹಾಳಾಗೋದು ಕೈಗಿಂತ ಜಾಸ್ತಿ. ಅಂದ್ರೆ ಹೆಚ್ಚು ಕಮ್ಮಿ ನೂರು ವರ್ಷ ಮಶೀನಿದ್ರೂ ಕೈನೇ ಮೇಲಾಗಿತ್ತು. ಯಾಕೆ? ಮೋಟರ್ ಕೆಟ್ಟದ್ದು ಅಂತಲ್ಲ, ಅದರ ತುದೀಲಿದ್ದ ಕಬ್ಬಿಣ ಅದೇ ಸ್ಟೀಲು. ಹಟ ಹಿಡಿಯೋ ಲೋಹನ ಜೋರಾಗಿ ತಿರುಗಿಸಿದ್ರೆ ಹಟಾನೂ ಜೋರಾಗುತ್ತೆ.

ಬದಲಾಗಿದ್ದು ಲೋಹದಿಂದ. ಅಮೆರಿಕದ ನೌಕಾಪಡೆಯ ಆಯುಧಗಳ ಲ್ಯಾಬಲ್ಲಿ ವಿಲಿಯಂ ಬ್ಯೂಲರ್ ಅನ್ನೋರು ನಿಕಲ್ಲು ಟೈಟೇನಿಯಂ ಸೇರಿಸಿ ಒಂದು ಮಿಶ್ರಲೋಹ ಮಾಡಿದ್ರು, ಆ ಲ್ಯಾಬಿನ ಹೆಸರಿನ ಮೊದಲಕ್ಷರಗಳನ್ನೂ ಸೇರಿಸಿ ನಿಟಿನಾಲ್ ಅಂತ ಹೆಸರಾಯ್ತು. ಚೆನ್ನಾಗಿ ಬಗ್ಗಿಸಿದ್ರೂ ಬಿಟ್ಟ ತಕ್ಷಣ ಮೊದಲಿನ ಆಕಾರಕ್ಕೆ ಬರುತ್ತೆ. ಹಲ್ಲಿಗೆ ಕ್ಲಿಪ್ ಹಾಕ್ತಾರಲ್ಲ, ಆ ತಂತಿಗೆ ಇದನ್ನ ಬಳಸ್ತಿದ್ರು, 1988ರಲ್ಲಿ ಹರ್ಮೀತ್ ವಾಲಿಯಾ ಮತ್ತೆ ಅವರ ಜೊತೆಯೋರು ಆ ಕ್ಲಿಪ್ ತಂತಿನೇ ಕಡೆದು 15 ನಂಬರ್ ಫೈಲ್ ಮಾಡಿ ಪರೀಕ್ಷೆ ಮಾಡಿದ್ರು, ಸ್ಟೀಲಿಗಿಂತ ಎರಡು ಮೂರು ಪಟ್ಟು ಬಳುಕುತ್ತೆ ಅಂತ ಗೊತ್ತಾಯ್ತು. ಗಮನಿಸಿ, ಅವರು ಮಾಡಿದ್ದು ಮಶೀನ್ ಫೈಲಲ್ಲ, ಕೈ ಫೈಲಿನ ಸೈಜು. ಬಳುಕೋ ಲೋಹ ಸಿಕ್ಕ ಮೇಲೆ ಅದನ್ನ ಪೂರ್ತಿ ಸುತ್ತು ತಿರುಗಿಸಿದ್ರೂ ಕೆನಾಲ್ ತಿರುವನ್ನ ಹಾಳು ಮಾಡದೇ ಹೋಗುತ್ತೆ ಅನ್ನೋ ಧೈರ್ಯ ಬಂತು, 90ರ ದಶಕದಲ್ಲಿ ಒಂದಾದ ಮೇಲೊಂದು ರೋಟರಿ ಸಿಸ್ಟಮ್ ಬಂದ್ವು. ಆದ್ರಿಂದ ಯಾರಾದ್ರೂ ಕೈ ಮತ್ತೆ ಮಶೀನ್ ಹೋಲಿಸಿ ಮಶೀನ್ ಗೆದ್ದಿದೆ ಅಂತ ಹೇಳಿದ್ರೆ ನಾನು ಮೊದ್ಲು ಕೇಳೋದು, ಕೈ ಫೈಲು ಯಾವ ಲೋಹದ್ದು ಅಂತ. ಸ್ಟೀಲ್ ಕೈ ಫೈಲನ್ನ ನಿಕಲ್ ಟೈಟೇನಿಯಂ ಮಶೀನ್ ಫೈಲ್ ಜೊತೆ ಹೋಲಿಸಿದ್ರೆ ಅಲ್ಲಿ ಎರಡು ಬದಲಾಗಿದೆ, ತಿರುಗಿಸೋ ಶಕ್ತಿನೂ, ಲೋಹನೂ. ಅದೇ ರೋಟರಿ ಫೈಲುಗಳಿಗೆ ಹಿಡಿ ಹಾಕಿ ಕೈಯಲ್ಲಿ ತಿರುಗಿಸೋ ಸೆಟ್ಟುಗಳೂ ಸಿಗುತ್ತವೆ, ಮೋಟರ್ ಇಲ್ಲದ ಕಡೆ, ಅಥವಾ ತಿರುವು ತುಂಬಾ ಇದ್ದು ಬೆರಳ ಹಿಡಿತ ಬೇಕು ಅನ್ಸಿದ ಕಡೆ ನಾನು ಈಗಲೂ ಬಳಸ್ತೀನಿ, ಆಕಾರ ಚೆನ್ನಾಗೇ ಬರುತ್ತೆ.

ಹಾಗಂತ ಮಶೀನಿನ ಉಪಕಾರ ಕಮ್ಮಿ ಅಂತ ಹೇಳ್ತಿಲ್ಲ. ಟೈಮ್ ಉಳಿಯುತ್ತೆ, ಅದು ನಿಜ, ಬಾಯಿ ತೆರೆದು ಒಂದು ಗಂಟೆ ಮಲಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಟೇಪರ್ ಜಾಸ್ತಿ ಕೊಡಬಹುದು, 25 ನಂಬರ್ ಫೈಲಲ್ಲೇ ಒಂದೇ ಸಮ 6 ಪರ್ಸೆಂಟ್ ಇದ್ರೆ 16 ಮಿಲಿಮೀಟರ್ ಮೇಲೆ 1.21 ಆಗುತ್ತೆ, ಕೈ ಫೈಲಲ್ಲಿ ಅದು 0.57 ಅಂತ ಆಗ್ಲೇ ಹೇಳಿದ್ನಲ್ಲ, ಬಾವಿಯ ಬಾಯಿ ಅಗಲ ಇದ್ರೆ ಕೊಡ ಸಲೀಸಾಗಿ ಇಳಿಯೋ ಹಾಗೆ ತೊಳೆಯೋ ನೀರು ಆಳಕ್ಕೆ ಹೋಗುತ್ತೆ, ಆದ್ರೆ ಹಲ್ಲಿನ ಕುತ್ತಿಗೆ ಹತ್ರ, ಅಂದ್ರೆ ಒಸಡಿನ ಹತ್ರ, ಗೋಡೆ ಅಷ್ಟೇ ತೆಳ್ಳಗಾಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ಇನ್ನೊಂದು, ಕೈ ಫೈಲನ್ನ ಮೇಲೆ ಕೆಳಗೆ ಎಳೆದು ಉಜ್ಜೋವಾಗ ಪಂಪಿನ ಥರ ಆಗಿ ಒಳಗಿನ ಕೊಳೆ ಬೇರಿನ ತುದಿ ದಾಟಿ ಆಚೆ ಹೋಗೋದು ಜಾಸ್ತಿ, ಮಾರನೇ ದಿನ ಹಲ್ಲು ಮುಟ್ಟಕ್ಕಾಗಲ್ಲ ಡಾಕ್ಟ್ರೇ ಅಂತ ಫೋನ್ ಬರೋದಕ್ಕೆ ಇದೂ ಒಂದು ಕಾರಣ, ಸುತ್ತ ತಿರುಗೋ ಫೈಲು ತಿರುಪಿನ ಹಾಗೆ ಕೊಳೆನ ಮೇಲಕ್ಕೆ ತರುತ್ತೆ. ಚಿಕ್ಕ ಮಕ್ಕಳ ಹಾಲುಹಲ್ಲಿಗೆ ಬೇರೆ ಮಾತೇ ಬೇಡ, ಐದು ವರ್ಷದ ಮಗು ಎಷ್ಟು ಹೊತ್ತು ಕೂತೀತು, ಅಲ್ಲಿ ಬೇಗ ಮುಗಿಯೋದೇ ದೊಡ್ಡ ಲಾಭ.

ಈಗ ಮಶೀನಿನ ಕಷ್ಟ. ಅದು ಮುರಿಯುತ್ತೆ. ಕೈ ಫೈಲೂ ಮುರಿಯುತ್ತೆ, ಆದ್ರೆ ಸ್ಟೀಲು ಮುರಿಯೋಕೆ ಮುಂಚೆ ಎಷ್ಟೋ ಸಲ ಅದರ ಸುರುಳಿ ಬಿಚ್ಚಿಕೊಂಡು, ಕಣ್ಣಿಗೆ ಕಾಣೋ ಹಾಗೆ ಆಕಾರ ಕೆಟ್ಟು ಸೂಚನೆ ಕೊಡುತ್ತೆ, ನಿಕಲ್ ಟೈಟೇನಿಯಂ ನೋಡೋಕೆ ಹೊಸದರ ಹಾಗೇ ಇದ್ದು ಪಟ್ ಅಂತ ಹೋಗಿಬಿಡಬಹುದು. ಮುರಿಯೋದು ಎರಡು ಥರ. ಒಂದು, ತಂತಿನ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಕೊನೆಗೆ ತುಂಡಾಗುತ್ತಲ್ಲ, ಹಾಗೆ, ತಿರುವಿನಲ್ಲಿ ನಿಮಿಷಕ್ಕೆ 300 ಸುತ್ತು ತಿರುಗೋ ಫೈಲು ಪ್ರತಿ ಸುತ್ತಿಗೂ ಒಂದು ಸಲ ಹಿಗ್ಗಿ ಒಂದು ಸಲ ಕುಗ್ಗಿ ದಣಿಯುತ್ತೆ. ಎರಡು, ತುದಿ ಇಕ್ಕಟ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರೂ ಮೇಲಿಂದ ಮೋಟರ್ ತಿರುಗಿಸ್ತಾನೇ ಇರೋದು, ಬಟ್ಟೆ ಹಿಂಡಿದ ಹಾಗೆ ತಿರುಚಿ ತುಂಡಾಗುತ್ತೆ.

ನನಗಾಗಿದ್ದು ಎರಡನೇದು. ಪ್ರಾಕ್ಟೀಸ್ ಶುರು ಮಾಡಿ ಮೂರು ವರ್ಷ ಆಗಿತ್ತು, ಮೋಟರ್ ಹೊಸದಾಗಿ ತಗೊಂಡಿದ್ದೆ, ಒಬ್ರು ಟೀಚರಮ್ಮ ಕೆಳಗಿನ ದವಡೆ ಹಲ್ಲು ತೋರ್ಸೋಕೆ ಬಂದಿದ್ರು, ಸಂಜೆ ಹೊತ್ತು, ಹೊರಗೆ ಇನ್ನೂ ನಾಕು ಜನ ಕಾಯ್ತಿದ್ರು. ಕೈ ಫೈಲು 10 ತುದಿವರೆಗೂ ಹೋಯ್ತು, ಅದಾದ ಮೇಲೆ 15 ಹಾಕಿ ದಾರಿ ಸಲೀಸು ಮಾಡ್ಕೋಬೇಕಿತ್ತು, ಅದನ್ನ ಬಿಟ್ಟು ನೇರ ಮಶೀನ್ ಹಾಕ್ದೆ. ಮೂರು ಮಿಲಿಮೀಟರ್ ತುಂಡು ಒಳಗೇ ಉಳೀತು. ಎಕ್ಸ್‌ರೇ ತೆಗೆದು ಅವರಿಗೆ ತೋರ್ಸಿ, "ಅಮ್ಮ, ಫೈಲ್ ತುದಿ ಮುರಿದು ಒಳಗಿದೆ, ನನ್ನ ಆತುರದಿಂದ ಆಗಿದ್ದು" ಅಂತ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು "ಈಗ ಏನ್ ಮಾಡ್ಬೇಕು ಹೇಳಿ" ಅಂದ್ರು. ಮುಂದಿನದ್ದು ಕೊನೇಲಿ ಹೇಳ್ತೀನಿ.

ಆವತ್ತಿಂದ ಒಂದು ಮಾತು ಮನಸ್ಸಲ್ಲಿ ಕೂತಿದೆ, ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದೂ ಅದನ್ನೇ. ಕೈಯಾ ಮಶೀನಾ ಅನ್ನೋ ಪ್ರಶ್ನೆನೇ ಸರಿ ಇಲ್ಲ, ಮೊದ್ಲು ಕೈ, ಆಮೇಲೆ ಮಶೀನು, ಆ ಕ್ರಮ ತಪ್ಪಬಾರದು. ಕೆನಾಲ್ ಎಲ್ಲಿದೆ, ಎಷ್ಟು ಬಗ್ಗಿದೆ, ಎಲ್ಲಿ ಇಕ್ಕಟ್ಟು ಅಂತ ಮೋಟರಿಗೆ ಗೊತ್ತಿಲ್ಲ. ಅದು ಗೊತ್ತಾಗೋದು 8, 10ನೇ ನಂಬರ್ ಸ್ಟೀಲ್ ಫೈಲ್ ಹಿಡಿದ ಬೆರಳಿಗೆ. ಕತ್ತಲೆ ಕೋಣೇಲಿ ಗೋಡೆ ತಡವಿಕೊಂಡು ಬಾಗಿಲು ಹುಡುಕ್ತೀವಲ್ಲ ಹಾಗೆ ಬೆರಳು ಹುಡುಕುತ್ತೆ, ಮೆತ್ತಗೆ ತಡೆದ್ರೆ ಪಲ್ಪು, ಗಟ್ಟಿಯಾಗಿ ತಡೆದ್ರೆ ಗೋಡೆ, ಒಂಚೂರು ಹಿಡಿದುಕೊಂಡ ಹಾಗೆ ಆದ್ರೆ ಅದೇ ದಾರಿ. ವಯಸ್ಸಾದೋರ ಹಲ್ಲಲ್ಲಿ ಕೆನಾಲು ಸುಣ್ಣ ಕಟ್ಟಿಕೊಂಡು ಎಷ್ಟು ಸಣ್ಣ ಆಗಿರುತ್ತೆ ಅಂದ್ರೆ 6ನೇ ನಂಬರ್ ಫೈಲ್ ಇಳಿಸೋಕೇ ಅರ್ಧ ಗಂಟೆ ಹಿಡಿಯುತ್ತೆ. ಈ ಫೈಲಿಗೇ ಆಪೆಕ್ಸ್ ಲೊಕೇಟರ್, ಅಂದ್ರೆ ಬೇರಿನ ತುದಿ ಎಲ್ಲಿದೆ ಅಂತ ತೋರ್ಸೋ ಯಂತ್ರ, ಸಿಕ್ಕಿಸಿ ಉದ್ದ ಅಳೆದು, ಎಕ್ಸ್‌ರೇಲಿ ತಾಳೆ ನೋಡಿ, 15 ಆರಾಮಾಗಿ ಓಡಾಡೋವರೆಗೂ ದಾರಿ ಮಾಡಿ, ಆಮೇಲೆ ಮೋಟರ್ ಮುಟ್ಟೋದು. ಇದಕ್ಕೆ ಗ್ಲೈಡ್ ಪಾತ್ ಅಂತಾರೆ. ಈಗ ಅದಕ್ಕೂ ಸಣ್ಣ ಮಶೀನ್ ಫೈಲ್ ಬಂದಿದೆ, ಆದ್ರೂ ಮೊದಲು ತುದಿ ಮುಟ್ಟೋದು ಕೈ ಫೈಲು.

ರೋನ್ ಅವರ ಕೈಚಳಕ ನೆನಪಿಟ್ಕೊಳ್ಳಿ ಅಂದಿದ್ನಲ್ಲ. 2008ರಲ್ಲಿ ಗಸಾನ್ ಯಾರೆದ್ ಅನ್ನೋರು ರೋಟರಿ ಫೈಲೊಂದನ್ನ ಪೂರ್ತಿ ಸುತ್ತು ತಿರುಗಿಸದೇ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಅಂತ ಹಿಂದೆ ಮುಂದೆ ಆಡಿಸಿ ಒಂದೇ ಫೈಲಲ್ಲಿ ಕೆನಾಲ್ ಮುಗಿಸಬಹುದು ಅಂತ ಬರೆದ್ರು. ಅದರಿಂದ ಬೆಳೆದ ಒಂದು ಸಿಸ್ಟಮ್ಮಲ್ಲಿ 150 ಡಿಗ್ರಿ ಕತ್ತರಿಸೋ ಕಡೆ, 30 ಡಿಗ್ರಿ ಬಿಡಿಸಿಕೊಳ್ಳೋ ಕಡೆ, ಹೀಗೆ ಮೂರು ಸಲ ಆದ್ರೆ ಒಂದು ಸುತ್ತು. ಸಿಕ್ಕಿಕೊಳ್ಳೋಕೆ ಮುಂಚೆನೇ ಬಿಡಿಸಿಕೊಳ್ಳೋದ್ರಿಂದ ತಿರುಚಿ ಮುರಿಯೋದು ಕಮ್ಮಿ ಆಯ್ತು. ನನಗೆ ಇದು ಓದಿದಾಗ ತುಂಬಾ ಖುಷಿ ಆಗಿತ್ತು, ಯಾಕಂದ್ರೆ ಕಚ್ಚಿಸು ಬಿಡಿಸು ಅನ್ನೋ ಈ ಆಟ ಬೆರಳುಗಳು ಯಾವಾಗ್ಲೋ ಕಲಿತಿದ್ದ ಪಾಠ, ಮೋಟರ್ ಅದನ್ನ ಕಲಿಯೋಕೆ ಇಷ್ಟು ವರ್ಷ ತಗೊಳ್ತು.

ಇನ್ನೊಂದು ವಿಷಯ, ಇದು ಎರಡಕ್ಕೂ ಸೇರಿದ್ದು, ಇದನ್ನ ಯಾರೂ ಪೇಷೆಂಟಿಗೆ ಹೇಳಲ್ಲ. ಬೈರಿಗೆ ಕೊರೆದ್ರೆ ಗುಂಡಗಿನ ತೂತೇ ಆಗೋದು, ಆದ್ರೆ ಕೆನಾಲು ಎಲ್ಲಾ ಕಡೆ ಗುಂಡಗಿರಲ್ಲ. ಕೆಳಗಿನ ದವಡೆ ಹಲ್ಲಿನ ಮುಂದಿನ ಬೇರನ್ನ ಅಡ್ಡ ಕತ್ತರಿಸಿ ನೋಡಿದ್ರೆ ಎಷ್ಟೋ ಸಲ ಶೇಂಗಾ ಕಾಯಿ ಥರ, ಎರಡು ಕಡೆ ಉಬ್ಬಿ ನಡುವೆ ಸಣ್ಣ ಸೊಂಟ. ಉಬ್ಬಿರೋ ಎರಡು ಕಡೆ ಫೈಲ್ ಹೋಗುತ್ತೆ, ಸೊಂಟದ ಒಳಗೆ ಹೋಗಲ್ಲ. 2001ರಲ್ಲಿ ಪೀಟರ್ಸ್ ಮತ್ತೆ ಜೊತೆಯೋರು ಮೇಲಿನ ದವಡೆ ಹಲ್ಲುಗಳನ್ನ ಮೈಕ್ರೋ ಸಿಟಿಲಿ, ಅಂದ್ರೆ ತೀರಾ ಸಣ್ಣದನ್ನೂ ತೋರ್ಸೋ ಸಿಟಿ ಸ್ಕ್ಯಾನಲ್ಲಿ, ಹಾಕಿ, ನಿಕಲ್ ಟೈಟೇನಿಯಂ ಕೈ ಫೈಲೂ ಸೇರಿ ನಾಲ್ಕು ವಿಧಾನ ಹೋಲಿಸಿ ನೋಡಿದ್ರು, ನಾಲ್ಕರಲ್ಲೂ ಕೆನಾಲ್ ಗೋಡೆಯ 35 ಪರ್ಸೆಂಟ್ ಅಥವಾ ಇನ್ನೂ ಜಾಸ್ತಿ ಭಾಗ ಫೈಲ್ ಮುಟ್ಟದೇ ಹಾಗೇ ಉಳಿದಿತ್ತು. ಮೂರನೇ ಒಂದು ಭಾಗ ಗೋಡೆ! ಅಲ್ಲಿರೋ ಬ್ಯಾಕ್ಟೀರಿಯಾನ ಯಾರು ತೆಗೀಬೇಕು? ನೀರು. ನೀರು ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್, ನಾವು ಹೈಪೋ ಅಂತೀವಿ, ಮನೇಲಿ ಬಟ್ಟೆಗೆ ಹಾಕೋ ಬ್ಲೀಚಿನ ಜಾತಿದು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯ ತೊಳೆಯೋಕೆ ಬಳಸಿದ್ದು ಇದನ್ನೇ ತೆಳು ಮಾಡಿ. ಇದು ಬ್ಯಾಕ್ಟೀರಿಯಾನ ಕೊಲ್ಲುತ್ತೆ, ಸತ್ತ ಪಲ್ಪನ್ನ ಕರಗಿಸುತ್ತೆ. ಫೈಲ್ ಕೆರೆದಾಗ ಗೋಡೆಗೆ ಮೆತ್ತಿಕೊಳ್ಳೋ ಪುಡಿನ ತೆಗೆಯೋಕೆ 17 ಪರ್ಸೆಂಟ್ ಇಡಿಟಿಎ ಅನ್ನೋ ಇನ್ನೊಂದು ದ್ರವ.

ಇಲ್ಲಿ ಮಶೀನಿನ ವೇಗವೇ ಶತ್ರು ಆಗೋ ಸಾಧ್ಯತೆ ಇದೆ. ಕೈಯಲ್ಲಿ ಒಂದು ಗಂಟೆ ಮಾಡ್ತಿದ್ದಾಗ ಹೈಪೋ ತಾನಾಗೇ ಅಷ್ಟು ಹೊತ್ತು ಒಳಗಿರ್ತಿತ್ತು, ಮಶೀನಲ್ಲಿ ಆಕಾರ ಹತ್ತೇ ನಿಮಿಷಕ್ಕೆ ಬಂತು ಅಂತ ತಕ್ಷಣ ಒಣಗಿಸಿ ತುಂಬಿಬಿಟ್ರೆ ಎಕ್ಸ್‌ರೇಲಿ ಚೆಂದ ಕಾಣುತ್ತೆ, ಆದ್ರೆ ಶೇಂಗಾ ಸೊಂಟದಲ್ಲಿ ಬ್ಯಾಕ್ಟೀರಿಯಾ ಎಲ್ಲಾ ಹಾಗೇ ಕೂತಿರುತ್ತೆ. ನಾನು ಈ ವಿಷಯದಲ್ಲಿ ಹಟ ಮಾಡ್ತೀನಿ, ಮಶೀನ್ ಉಳಿಸಿಕೊಟ್ಟ ಸಮಯ ಪೂರ್ತಿ ತೊಳೆಯೋದಕ್ಕೆ ಕೊಡ್ಬೇಕು, ಮುಂದಿನ ಪೇಷೆಂಟಿಗೆ ಅಲ್ಲ. ಹೈಪೋ ಬಾಯಿಗೆ ಬೀಳಬಾರದು, ಎಂಜಲು ಕೆನಾಲಿಗೆ ಬೀಳಬಾರದು, ಸಣ್ಣ ಫೈಲು ಜಾರಿ ಗಂಟಲಿಗೆ ಹೋಗಬಾರದು, ಅದಕ್ಕೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಅಂತ ಒಂದು ಹಾಳೆ ಕಟ್ತೀವಿ, ಅದು ಬಂದಿದ್ದು 1864ರಲ್ಲಿ, ಇಷ್ಟು ಹಳೇದು ಇಷ್ಟು ಅಗ್ಗದ್ದು ಇನ್ನೂ ಎಷ್ಟೋ ಕಡೆ ಕಟ್ಟಲ್ಲ ಅನ್ನೋದು ನನಗೆ ನಿಜವಾಗ್ಲೂ ಸಂಕಟ. ಮಶೀನ್ ಇದ್ಯಾ ಅಂತ ಕೇಳೋ ಬದಲು ರಬ್ಬರ್ ಡ್ಯಾಮ್ ಹಾಕ್ತೀರಾ ಅಂತ ಕೇಳಿ. ಈ ಫೈಲ್ ಎಷ್ಟನೇ ಸಲ ಬಳಸ್ತಿದೀರಾ ಅಂತಲೂ ಕೇಳಬಹುದು, ತಪ್ಪಿಲ್ಲ. ಮಶೀನ್ ಫೈಲಿನ ದಣಿವು ಕಣ್ಣಿಗೆ ಕಾಣಲ್ಲ ಅಂತ ಹೇಳಿದ್ನಲ್ಲ, ಎಷ್ಟೋ ಫೈಲಿನ ಪ್ಯಾಕೆಟ್ ಮೇಲೆ ಒಂದೇ ಸಲ ಬಳಸಿ ಅಂತ ಬರೆದಿರುತ್ತೆ.

ಆವತ್ತು ಕೇಳಿದ ಪ್ರಶ್ನೆಗಳಲ್ಲಿ ಎರಡು ಬರೀತೀನಿ. ಒಬ್ಬ ಹುಡುಗ ಕೇಳಿದ, "ಸರ್, ಮುಂದೆ ಹೇಗಿದ್ರೂ ಮಶೀನೇ ಅಲ್ವಾ, ಕಾಲೇಜಲ್ಲಿ ಸ್ಟೀಲ್ ಫೈಲ್ ಯಾಕೆ ಕಲೀಬೇಕು?" ಅಂತ. ಅವನಿಗೆ ಹೇಳಿದ್ದು, ನಿನ್ನ ಬೆರಳಿಗೆ 10ನೇ ನಂಬರ್ ಫೈಲಿನ ಭಾಷೆ ಬಂದಿಲ್ಲ ಅಂದ್ರೆ ಮೋಟರ್ ಎಲ್ಲಿ ನಿಲ್ಲಿಸ್ಬೇಕು ಅಂತ ನಿನಗೆ ಹೇಳೋರು ಯಾರೂ ಇರಲ್ಲ ಮಗಾ. ಟಾರ್ಕ್, ಅಂದ್ರೆ ತಿರುಚೋ ಬಲ, ಜಾಸ್ತಿ ಆದ್ರೆ ಮೋಟರ್ ತಾನೇ ವಾಪಸ್ ತಿರುಗುತ್ತೆ ನಿಜ, ಆದ್ರೆ ದಣಿದಿರೋ ಫೈಲು ಅದಕ್ಕಿಂತ ಕಮ್ಮಿ ಟಾರ್ಕಿಗೇ ಹೋಗಿರುತ್ತೆ.

ಎರಡನೇದು ಒಬ್ರು ಅಜ್ಜಿ ಕೇಳಿದ್ದು, "ಆ ಟೀಚರಮ್ಮನ ಹಲ್ಲು ಏನಾಯ್ತಪ್ಪಾ?" ಮುರಿದ ತುಂಡು ತೆಗೆಯೋಕೆ ಹೋಗಿ ಬೇರಿನ ಗೋಡೆ ತೆಳ್ಳಗೆ ಮಾಡೋದು ನನಗೆ ಸರಿ ಅನ್ನಿಸಲಿಲ್ಲ. ತುಂಡು ತಾನೇ ಏನೂ ಮಾಡಲ್ಲ, ಅದರ ಕೆಳಗೆ ತೊಳೆಯದೇ ಉಳಿದಿರೋ ಜಾಗದಿಂದ ತೊಂದರೆ. ಅವರನ್ನ ಮತ್ತೆ ಎರಡು ಸಲ ಕರೆಸ್ದೆ, ಎರಡೂ ಸಲ ಬೇರೆ ಯಾರಿಗೂ ಟೈಮ್ ಕೊಟ್ಟಿರಲಿಲ್ಲ. 8ನೇ ನಂಬರ್ ಸ್ಟೀಲ್ ಕೈ ಫೈಲಿನ ತುದಿ ಒಂದು ಮಿಲಿಮೀಟರ್ ಬಗ್ಗಿಸಿ ತುಂಡಿನ ಪಕ್ಕ ಸುತ್ತ ತಡವಿದೆ, ಮೊದಲನೇ ದಿನ ಸಿಗಲೇ ಇಲ್ಲ, ಔಷಧಿ ಇಟ್ಟು ಮುಚ್ಚಿ ಕಳ್ಸಿದೆ. ಎರಡನೇ ಸಲ ನಲವತ್ತು ನಿಮಿಷ ಆದ್ಮೇಲೆ ಬೆರಳಿಗೆ ಆ ಒಂಚೂರು ಹಿಡಿತ ಸಿಕ್ತು, ಫೈಲ್ ತುಂಡಿನ ಪಕ್ಕದಲ್ಲೇ ಕೆಳಗೆ ಇಳೀತು. ಆಮೇಲೆ 10, 15, 20, ಎಲ್ಲಾ ಕೈಯಲ್ಲೇ, ತುಂಬಾ ಹೊತ್ತು ಹೈಪೋ. ಒಂದು ವರ್ಷ ಬಿಟ್ಟು ತೆಗೆದ ಎಕ್ಸ್‌ರೇಲಿ ಬೇರಿನ ತುದಿಯ ಕಪ್ಪು ನೆರಳು, ಅಂದ್ರೆ ಸೋಂಕಿನ ಗುರುತು, ಮಾಯವಾಗಿತ್ತು. ಅವರು ರಿಟೈರ್ ಆಗಿದಾರೆ, ಈಗಲೂ ಹಲ್ಲು ತೋರ್ಸೋಕೆ ಬರ್ತಾರೆ, ಎಕ್ಸ್‌ರೇ ತೆಗೆದಾಗೆಲ್ಲಾ ಆ ಮೂರು ಮಿಲಿಮೀಟರ್ ತುಂಡು ಬೆಳ್ಳಗೆ ಗೆರೆ ಥರ ಕಾಣ್ಸುತ್ತೆ, ಅದನ್ನ ಪಕ್ಕಕ್ಕೆ ಬಿಟ್ಟು ತುದಿವರೆಗೂ ಇಳಿದಿರೋ ಫಿಲ್ಲಿಂಗೂ ಕಾಣ್ಸುತ್ತೆ.